ಬುಧವಾರ ಮಧ್ಯಾಹ್ನದ ಸಾಹಿತ್ಯಾಭಿಮಾನಿಗಳು

ನಾನು ಕಂಡಿರುವ ಊರುಗಳು ಬಹಳ. ಅವುಗಳಲ್ಲಿ ಕಂಡಿರುವ ಧೀರರು ಕಡಿಮೆ. ಬಸ್ ನಿಲ್ದಾಣದ ತಳ್ಳುಗಾಡಿಗಳಲ್ಲಿ ಅರ್ಧ ಬೆಲೆಗೆ ಸಿಗುವ ಪತ್ತೇದಾರಿ ಕಾದಂಬರಿಗಳಲ್ಲಾದರೆ ಅಂಥವರು ಹೇರಳ: ಗುಂಡಿನ ಸುರಿಮಳೆಯ ನಡುವೆ ನಿಂತು ಸಿಗರೇಟು ಹಚ್ಚುವವರು, ವಿಮಾನದಿಂದ ಧುಮುಕಿಯೂ ಕೋಟಿನ ಇಸ್ತ್ರಿ ಕೆಡಿಸಿಕೊಳ್ಳದವರು. ಅಂಥ ಒಬ್ಬನನ್ನು ಜೀವಂತವಾಗಿ ಕಾಣುವ ಭಾಗ್ಯ ನನಗೆ ಒದಗಿದ್ದು ಪಾಂಡವಪುರದ ಒಂದು ಮೋಟಾರು ವೈಂಡಿಂಗ್ ಅಂಗಡಿಯಲ್ಲಿ. ಹೆಸರು ಮಹದೇವಸ್ವಾಮಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವುದು ಅವರ ವೃತ್ತಿ. 'ಹಾಲುತೆನೆ' ಎಂಬ ಸಾಹಿತ್ಯ ಪತ್ರಿಕೆಯನ್ನು ನಡೆಸುವುದು ಅವರ ಸಾಹಸ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಇಪ್ಪತ್ತೈದು ದಾಟದವರು ಬರೆದದ್ದನ್ನು ಮಾತ್ರ ಅಚ್ಚು ಹಾಕುವುದು ಹಾಲುತೆನೆಯ ವ್ರತ. ಇಪ್ಪತ್ತಾರು ತುಂಬಿದೊಡನೆ ಎಂಥ ಪ್ರತಿಭೆಗೂ ಅಲ್ಲಿ ಬಾಗಿಲು ಮುಚ್ಚುತ್ತಿತ್ತು. "ತೆನೇಲಿ ಹಾಲಿರೋವಾಗ್ಲೇ ನೋಡ್ಬೇಕು ಕಣ್ರೀ. ಬಲಿತ್ಮೇಲೆ ಮಿಲ್ಲಿನವ್ರು ನೋಡ್ಕತಾರೆ" ಎಂದು ಅವರು ತಂತಿ ಸುತ್ತುತ್ತಲೇ ಹೇಳಿದರು. ಅಂಗಡಿಯ ಮುಂದೆ ಬಸ್ಸಿಗಾಗಿ ಕಾಯುತ್ತಿದ್ದ ನಾನು ಆ ಮಾತನ್ನು ಕೇಳಿ ಬಸ್ಸನ್ನು ಬಿಟ್ಟುಬಿಟ್ಟೆ.

ಆದರೆ ಧೀರರಿಗೂ ಸಂಕಟ ತಪ್ಪದು. ಹಿಂದಿನ ಸಂಚಿಕೆಯ ಬಿಡುಗಡೆಗೆ ಶ್ರೀರಂಗಪಟ್ಟಣದ ಒಂದು ಸಭಾಂಗಣದಲ್ಲಿ ಕುರ್ಚಿಗಳು ಸಾಲುಸಾಲಾಗಿ ಸೇರಿದ್ದವು; ಮನುಷ್ಯರು ಸೇರಿರಲಿಲ್ಲ. ಬಂದಿದ್ದವರು ಮೂವರು. ಒಬ್ಬ, ಕತೆ ಬರೆಯುವ ಜೀನತ್ ಎಂಬ ಹುಡುಗಿಯ ತಂದೆ, ಲಗೇಜ್ ಆಟೊ ಓಡಿಸುವ ಬಾಬಾಜಾನ್. ಇನ್ನೊಬ್ಬ ಬಾಡಿಗೆಯ ಮೈಕನ್ನು ವಾಪಸು ಒಯ್ಯಲು ಬಂದವನು. ಮೂರನೆಯವನು ಬೀಗ ಹಿಡಿದು ನಿಂತಿದ್ದ ಕಾವಲುಗಾರ. ಜೀನತ್ ತನ್ನ ಕತೆಯನ್ನು ಆ ಬೀಗಕ್ಕೇ ಓದಿ ಹೇಳಿದ್ದಳಂತೆ.

ನಾನು ಬಸ್ಸು ಬಿಟ್ಟ ಆ ಸಂಜೆಯೇ ಯುವ ಲೇಖಕರು ಅಂಗಡಿಯಲ್ಲಿ ಸೇರಿದರು. ಕೆ.ಆರ್. ಪೇಟೆಯ ಕವಿ ಸಂತೋಷ್ ಎಲ್ಲರ ಪರವಾಗಿ ಮಾತಾಡಿದ.

"ಸಾರ್, ನಾವ್ ಬರ್ದದ್ದನ್ನ ನಾವೇ ಓದ್ಕಳಾದಾದ್ರೆ ವಾಟ್ಸಪ್ ಗುಂಪೇ ಸಾಕಲ್ವಾ? ಮೈಕ್ ಯಾಕೆ?"

ಜೀನತ್ ಹೊಸ ಕತೆಯ ಹಾಳೆಗಳನ್ನು ಚೀಲದಿಂದ ಅರ್ಧ ತೆಗೆದವಳು ಮತ್ತೆ ಒಳಗೆ ತಳ್ಳಿದಳು. ಬಾಗಿಲಲ್ಲಿ ನಿಂತಿದ್ದ ಬಾಬಾಜಾನ್ ಒಂದು ಹೆಜ್ಜೆ ಒಳಗಿಟ್ಟ.

"ಮಾದೇವಣ್ಣ, ಬೇಟಿ ಬರೀತಾಳೆ, ನಂಗೆ ಬಹುತ್ ಖುಷಿ. ಆದ್ರೆ ಖಾಲಿ ಕುರ್ಚಿಗೆ ಓದ್ಬಿಟ್ಟು ಆಟೊದಲ್ಲಿ ಮುಸುಕು ಹಾಕ್ಕೊಂಡು ಅಳ್ತಾಳಲ್ಲ, ಅದನ್ನ ಮಾತ್ರ ನೋಡಕ್ ಆಗಲ್ಲ."

ಮಹದೇವಸ್ವಾಮಿ ಎದ್ದು ನಿಂತು, ಬಿಚ್ಚಿಟ್ಟಿದ್ದ ಮೋಟಾರಿನ ಮೇಲೆ ಕೈಯಿಟ್ಟು ಆಣೆ ಮಾಡಿದರು. "ಇನ್ನೊಂದೇ ಒಂದ್ ಸಲ. ಈ ಸಲ ಸಭೆ ತುಂಬ್ನಿಲ್ಲ ಅಂದ್ರೆ ಹಾಲುತೆನೆನ ನಾನೇ ಮುಚ್ಬುಡ್ತೀನಿ. ನಿಮ್ಮನ್ನ ಖಾಲಿ ಕುರ್ಚಿ ಮುಂದೆ ಮತ್ತೆ ನಿಲ್ಸಾಕಿಲ್ಲ."

ಹುಡುಗರು ಹೋದ ಮೇಲೆ ಅವರು ಸೋಲಿನ ಕಾರಣವನ್ನು ಪತ್ತೇದಾರನ ಶಿಸ್ತಿನಿಂದ ಶೋಧಿಸಿದರು. ತಪ್ಪು ಸಾಹಿತ್ಯದ್ದಲ್ಲ, ಕರೆದ ರೀತಿಯದು. ಫೋನಿನಲ್ಲಿ ಆಮಂತ್ರಣ ಕಳಿಸಿದರೆ ಈ ಸೀಮೆಯಲ್ಲಿ ಅದು ಕರೆದಂತಲ್ಲ. ಕರೆಯದೆ ಇದ್ದದ್ದಕ್ಕಿಂತಲೂ ಹೆಚ್ಚಿನ ಅವಮಾನ. ಮನೆಯ ಬಾಗಿಲಿಗೆ ಹೋಗಬೇಕು, ಚಪ್ಪಲಿ ಬಿಡಬೇಕು, ಎರಡೂ ಕೈಯಲ್ಲಿ ಕಾರ್ಡು ಕೊಡಬೇಕು, ನೀರು ಕುಡಿದು ಬರಬೇಕು.

ಕಾರ್ಡು ಅಚ್ಚಾದದ್ದು ಕೆ.ಆರ್. ಪೇಟೆಯಲ್ಲಿ. ಲಗ್ನಗಳ ಕಾಲವಾದ್ದರಿಂದ ಮುದ್ರಕರ ಬಳಿ ಇದ್ದದ್ದು ಚಿನ್ನದ ಅಂಚಿನ ಕೆಂಪು ಕಾರ್ಡುಗಳು ಮಾತ್ರ. ಒಳಗೆ 'ಹಾಲುತೆನೆ ಸಂಚಿಕೆ ಬಿಡುಗಡೆ' ಎಂದು ಸ್ಪಷ್ಟವಾಗಿಯೇ ಇತ್ತು. ಜಾಗ ಸಿಕ್ಕಿದ್ದು ಪಾಂಡವಪುರದ ಒಂದು ಮದುವೆ ಛತ್ರ. ಮಂಗಳವಾರ ಅಲ್ಲಿ ಯಾರದೋ ಲಗ್ನ, ಗುರುವಾರ ಇನ್ಯಾರದೋ. ನಡುವಿನ ಬುಧವಾರ ಖಾಲಿ. ಹಿಂದಿನ ದಿನದ ಬಾಳೆಕಂದು, ಹೂವಿನ ಕಮಾನುಗಳನ್ನು ತೆಗೆಯದೆ ಹಾಗೇ ಬಿಟ್ಟುಕೊಡುವುದಾಗಿ ಅಲ್ಲಿಯ ಮ್ಯಾನೇಜರು ಔದಾರ್ಯ ತೋರಿದರು.

"ಬುಧವಾರ ಮಧ್ಯಾಹ್ನ ಛತ್ರದಲ್ಲಿ ಇಟ್ಕಂಡಿದ್ದೀರಲ್ಲ," ಎಂದರು ಮಹದೇವಸ್ವಾಮಿಯವರ ಪತ್ನಿ ಭಾಗ್ಯಮ್ಮ, "ನೋಡ್ದೋರು ಏನಂದ್ಕತಾರೆ?"

"ಏನಾರ ಅಂದ್ಕಳ್ಳಿ. ಬಂದ್ರೆ ಸಾಕು."

ಭಾಗ್ಯಮ್ಮ ಗಂಡನ ಮುಖವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ ರಾಗಿ ಬೀಸಿಸಲು ಮಿಲ್ಲಿಗೆ ಹೊರಟುಹೋದರು. ನಾನು ಈ ಸೀಮೆಯವನಲ್ಲ. ನನಗೆ ಏನೂ ಹೊಳೆಯಲಿಲ್ಲ. ಈ ಸೀಮೆಯವರೇ ಆದ ಮಹದೇವಸ್ವಾಮಿಗೂ ಹೊಳೆಯಲಿಲ್ಲ ಎಂಬುದರಲ್ಲಿ ಅವರ ತಪಸ್ಸಿನ ಆಳ ತಿಳಿಯುತ್ತದೆ.

ಅವರ ಹಳೆಯ ಟಿವಿಎಸ್ ಗಾಡಿಯ ಹಿಂದೆ ಕಾರ್ಡುಗಳ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ನಾನು ನಾಲ್ಕೂ ತಾಲ್ಲೂಕುಗಳನ್ನು ಸುತ್ತಿದೆ. ಮೊದಲ ಮನೆ ಚಿನಕುರಳಿಯ ಚಿಕ್ಕಮಾದಯ್ಯನವರದು. ಅವರು ಹೊರಟರೆ ಬೀದಿಯೇ ಹೊರಡುತ್ತದೆ ಎಂಬ ಖ್ಯಾತಿಯ ಹಿರಿಯರು. ಜಗಲಿಯ ಮೇಲೆ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದವರು ಕಾರ್ಡಿನ ಚಿನ್ನದ ಅಂಚನ್ನು ಹೆಬ್ಬೆರಳಿನಿಂದ ಸವರಿ, ಬಿಚ್ಚದೆ ಪಕ್ಕಕ್ಕಿಟ್ಟರು.

"ಯಾವ ವಾರ ಕಣ್ಲಾ?"

"ಬುಧವಾರ, ಮಾದಯ್ಯಣ್ಣ."

"ಎಲ್ಲಿ?"

"ಪಾಂಡವಪುರದ ಛತ್ರದಲ್ಲಿ. ಮಧ್ಯಾಹ್ನ ಹನ್ನೆರಡಕ್ಕೆ."

"ಮುಹೂರ್ತ?"

"ಮುಹೂರ್ತ ಗಿಹೂರ್ತ ಏನಿಲ್ಲ. ಬಂದೋರು ಬಂದಂಗೆ ಶುರು."

ಚಿಕ್ಕಮಾದಯ್ಯನವರ ಮುಖದಲ್ಲಿ ಅಪೂರ್ವವಾದ ಬೆಳಕೊಂದು ಮೂಡಿತು. ಇಂಥ ಸಾಹಿತ್ಯಪ್ರೀತಿಯನ್ನು ನಾನು ವಿಶ್ವವಿದ್ಯಾನಿಲಯಗಳಿರುವ ಊರುಗಳಲ್ಲಿಯೂ ಕಂಡಿರಲಿಲ್ಲ.

"ಎಷ್ಟ್ ಜನ ಬರ್ಬೋದು?" ಎಂದು ಅವರು ಸಂಕೋಚದಿಂದ ಕೇಳಿದರು.

"ಮನೇಗ್ ಬೀಗ ಹಾಕ್ಕಂಡು ಎಲ್ರೂ ಬನ್ನಿ. ನೆಂಟ್ರಿದ್ರೆ ಅವ್ರನ್ನೂ ಕರ್ಕಬನ್ನಿ. ಜನ ಜಾಸ್ತಿ ಆದಷ್ಟೂ ನಂಗೆ ಖುಷಿ."

"ಕೇಳುಸ್ತೇನಮ್ಮಿ," ಎಂದು ಹಿರಿಯರು ಒಳಗಿದ್ದ ಹೆಂಡತಿ ಕೆಂಪಮ್ಮನನ್ನು ಕೂಗಿದರು. "ಈ ಕಾಲದಲ್ಲೂ ಇಂಗೆ ಬಾಯ್ತುಂಬ ಕರ್ಯೋರು ಅವ್ರೆ."

ಓದುಗರಿಗೆ ಈಗಲೇ ಹೇಳಿಬಿಡುವುದು ನ್ಯಾಯ. ಈ ಸೀಮೆಯಲ್ಲಿ ಮದುವೆಯ ಕಾರ್ಡನ್ನು ಯಾರೂ ಓದುವುದಿಲ್ಲ. ವಾರ, ಛತ್ರ, ಮುಹೂರ್ತ, ಈ ಮೂರನ್ನು ಕೇಳಿಕೊಳ್ಳುತ್ತಾರೆ. ಮುಹೂರ್ತವಿದ್ದರೆ ಮದುವೆ, ಪಾಯಸದ ಊಟ. ಮುಹೂರ್ತವಿಲ್ಲದೆ, ಮಾಂಸದಡುಗೆಗೆ ಅಡ್ಡಿಯಿಲ್ಲದ ಬುಧವಾರ ಮಧ್ಯಾಹ್ನ ಛತ್ರಕ್ಕೆ ಕರೆದರೆ ಅದು ಬೀಗರ ಊಟ: ಮದುವೆ ಮುಗಿದ ಮೇಲೆ ಗಂಡು ಹೆಣ್ಣಿನ ಕಡೆಯವರು ನೆಂಟರಿಷ್ಟರಿಗೆಲ್ಲ ಹಾಕಿಸುವ ಮುದ್ದೆ, ಮಟನ್ ಸಾರಿನ ಔತಣ. ಇದು ಮಕ್ಕಳಿಗೂ ಗೊತ್ತಿರುವ ಲೆಕ್ಕ. ಚಿಕ್ಕಮಾದಯ್ಯನವರು ಆ ಲೆಕ್ಕವನ್ನು ತಪ್ಪಿಲ್ಲದೆ ಮಾಡಿದ್ದರು. ಮುಂದಿನ ಪ್ರತಿಯೊಂದು ಮನೆಯವರೂ ಮಾಡಿದರು.

ಅನುಮಾನದ ಸುಳಿವು ಸಿಗಬಹುದಾಗಿದ್ದದ್ದು ಮೇಲುಕೋಟೆಯಲ್ಲಿ. ಅಲ್ಲಿಯ ಸಂಸ್ಕೃತ ವಿದ್ವಾಂಸರೊಬ್ಬರು ಕಾರ್ಡನ್ನು ಮುಟ್ಟದೆ, ವಾರವನ್ನೂ ಜಾಗವನ್ನೂ ಕೇಳಿ ಮೃದುವಾಗಿ ನಕ್ಕರು.

"ಕರೆದದ್ದು ಸಂತೋಷ. ಆದರೆ ನಾವು ಬಂದು ಏನು ಮಾಡೋಣ ಸ್ವಾಮಿ? ನಮಗೆ ಅದೆಲ್ಲ ಒಗ್ಗುವುದಿಲ್ಲ."

"ನೋಡುದ್ರಾ," ಎಂದರು ಮಹದೇವಸ್ವಾಮಿ ಬೆಟ್ಟ ಇಳಿಯುತ್ತ, ನೊಂದ ದನಿಯಲ್ಲಿ. "ಹೊಸ ಸಾಹಿತ್ಯ ಅಂದ್ರೆ ಪಂಡಿತರಿಗೆ ಯಾವಾಗ್ಲೂ ಅಷ್ಟೇ."

ನಾಗಮಂಗಲದಲ್ಲಿ ಭಾಗ್ಯಮ್ಮನವರ ಅಣ್ಣ ರಂಗಸ್ವಾಮಿ ಮನೆಯಲ್ಲಿರಲಿಲ್ಲ. ಕಾರ್ಡನ್ನು ಅವರ ಹೆಂಡತಿಯ ಕೈಗೆ ಕೊಟ್ಟು ಬಂದೆವು. ಆಕೆ ಕಾರ್ಡಿನ ಬಣ್ಣ ನೋಡಿ, ವಾರ ಕೇಳಿ, ಬಿಳಿಚಿಕೊಂಡು ಬಾಗಿಲು ಹಾಕಿಕೊಂಡದ್ದನ್ನು ನಾವು ಭಕ್ತಿಯೆಂದು ತಿಳಿದೆವು.

ಬುಧವಾರ ಬಂತು. ಛತ್ರದ ಮೇಲಿನ ಮಹಡಿಯಲ್ಲಿ ಹೂವಿನ ಕಮಾನಿನ ಕೆಳಗೆ ವೇದಿಕೆ. ಅದರ ಮೇಲೆ ಹೊಸ ಬಟ್ಟೆ ತೊಟ್ಟ ಯುವ ಲೇಖಕರು. ಎದುರಿಗೆ ಮತ್ತದೇ ಖಾಲಿ ಕುರ್ಚಿಗಳು. ಹನ್ನೆರಡು ದಾಟಿತು. ಸಂತೋಷ್ ಶೂನ್ಯವನ್ನು ದಿಟ್ಟಿಸುತ್ತಿದ್ದ. ಜೀನತ್ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಮಹದೇವಸ್ವಾಮಿ ಎದ್ದು ನಿಂತರು. ಪತ್ರಿಕೆಯ ಮರಣವನ್ನು ಘೋಷಿಸಲು ಬಾಯಿ ತೆರೆದರು.

ಅಷ್ಟರಲ್ಲಿ ಅವರ ಮಗಳು ಅನು ಮೆಟ್ಟಿಲು ಹತ್ತಿ ಓಡಿಬಂದಳು. "ಅಪ್ಪಾ, ಇಲ್ಲೇನ್ ಮಾಡ್ತಿದ್ದೀಯ? ಜನ ಎಲ್ಲಾ ಕೆಳಗವ್ರೆ."

ನಾವು ಇಳಿದು ಹೋಗಿ ನೋಡಿದ ದೃಶ್ಯವನ್ನು ವರ್ಣಿಸಲು ನನ್ನ ಓದು ಸಾಲದು. ಕೆಳಗಿನ ಊಟದ ಹಾಲ್ ತುಂಬಿ ತುಳುಕುತ್ತಿತ್ತು. ಉದ್ದುದ್ದ ಮೇಜುಗಳ ಎರಡೂ ಬದಿಗೆ ಒಂದು ಕುರ್ಚಿಯೂ ಬಿಡದಂತೆ ಜನ ಕೂತಿದ್ದರು. ಕೂತ ಪ್ರತಿಯೊಬ್ಬರ ಹಿಂದೆ ಕುರ್ಚಿಯ ಬೆನ್ನನ್ನು ಹಿಡಿದುಕೊಂಡು ಇನ್ನೊಬ್ಬರು ನಿಂತಿದ್ದರು. ಮುಂದಿನವರು ಏಳುತ್ತಲೇ ಕೂರುವ ಹಕ್ಕಿಗಾಗಿ. ಗಾಡಿಗಳಿಂದ ರಸ್ತೆ ಕಟ್ಟಿಕೊಂಡಿತೆಂದು ವಿಚಾರಿಸಲು ಬಂದ ಪೊಲೀಸಿನವರೊಬ್ಬರು, ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ತಾವೂ ಒಂದು ಕುರ್ಚಿಯ ಹಿಂದೆ ನಿಂತರು.

ಮಹದೇವಸ್ವಾಮಿಯವರ ಕಣ್ಣಲ್ಲಿ ನೀರು ತುಂಬಿತು.

"ನಮ್ ಜನದ ಸಂಕೋಚ ನೋಡಿ. ವೇದಿಕೆ ಮುಂದೆ ಕೂರಕ್ಕೆ ನಾಚ್ಕಂಡು ಇಲ್ಲಿ ಕೂತವ್ರೆ. ಅವ್ರು ಮೇಲಕ್ ಬರ್ದಿದ್ರೆ ಏನಂತೆ, ಸಾಹಿತ್ಯನೇ ಕೆಳಕ್ ಇಳೀಲಿ."

ಮೈಕು ಇಳಿಯಿತು. ಬಕೆಟ್ಟು ಹಿಡಿದು ಬಡಿಸುವವರು ಓಡಾಡುವ ಓಣಿಯಲ್ಲಿ ಕವಿಗಳು ಸಾಲಾಗಿ ನಿಂತರು. ಅನು ಮತ್ತು ಸಂತೋಷ್ ಸೇರಿ ಹಾಲುತೆನೆಯ ಪ್ರತಿಗಳನ್ನು ಪ್ರತಿಯೊಬ್ಬರ ಮುಂದೆಯೂ ಇಡುತ್ತ ಹೋದರು. ಔತಣಗಳಲ್ಲಿ ಎಲೆ ಹಾಕುವ ಮುನ್ನ ಮೇಜಿಗೆ ಕಾಗದ ಹಾಸುವುದು ವಾಡಿಕೆ. ಜನ ಪತ್ರಿಕೆಯನ್ನು ಬಿಡಿಸಿ, ನೀಟಾಗಿ ಹಾಸಿಕೊಂಡು, ಅದರ ಮೇಲೆ ಕೈಯೂರಿ ಕುಳಿತರು. ನನಗಂತೂ ಮೈ ಜುಮ್ಮೆಂದಿತು. ಅಷ್ಟೂ ಜನ, ಏಕಕಾಲದಲ್ಲಿ, ಒಂದೇ ಪತ್ರಿಕೆಯನ್ನು ತೆರೆದು ಕೂತಿದ್ದರು.

ರಂಗಸ್ವಾಮಿ ಬಂದದ್ದು ಆಗ. ಕೈಯಲ್ಲಿ ಜರಿಪಂಚೆಯ ಪೊಟ್ಟಣ, ಕಣ್ಣಲ್ಲಿ ಕೆಂಡ.

"ಏನ್ ಭಾವ," ಎಂದು ಅವರು ಮಹದೇವಸ್ವಾಮಿಯ ದಾರಿಗೆ ಅಡ್ಡ ನಿಂತರು. "ಸೋದರಮಾವ ಸತ್ತೋಗವ್ನೆ ಅಂದ್ಕಂಡ್ಬುಟ್ರಾ? ಅನೂನ ಯಾರಿಗ್ ಕೊಟ್ರಿ? ಯಾವಾಗ್ ಕೊಟ್ರಿ? ಮದ್ವೆಗ್ ಕರೀಲಿಲ್ಲ, ಬೀಗ್ರೂಟಕ್ಕೆ ಕಾರ್ಡ್ ಬಿಸಾಕ್ಬುಟ್ಟು ಬಂದಿದ್ದೀರಿ."

"ಯಾವ್ ಮದ್ವೆ?" ಎಂದರು ಮಹದೇವಸ್ವಾಮಿ.

ಆದರೆ ರಂಗಸ್ವಾಮಿಯ ದೃಷ್ಟಿ ಆಗಲೇ ಅನುವಿನ ಪಕ್ಕದಲ್ಲಿ ಪತ್ರಿಕೆಗಳ ಕಟ್ಟು ಹಿಡಿದು ನಿಂತಿದ್ದ ಸಂತೋಷನ ಮೇಲೆ ಬಿದ್ದಿತ್ತು. ಅವರು ಅವನನ್ನು ಎತ್ತು ಕೊಳ್ಳಲು ಬಂದವರಂತೆ ಒಂದು ಸುತ್ತು ಹಾಕಿ ನೋಡಿದರು.

"ಏನ್ ಕೆಲ್ಸ ಮಾಡ್ತೀಯಪ್ಪಾ?"

"ಕವನ ಬರೀತೀನಿ."

"ಅದ್ ಬುಡು. ಕೆಲ್ಸ?"

"ಸದ್ಯಕ್ಕೆ ಅದೇ."

ರಂಗಸ್ವಾಮಿ ಪೊಟ್ಟಣವನ್ನು ಎದೆಗವಚಿಕೊಂಡು ಪಕ್ಕದ ಗೋಡೆಗೆ ಒರಗಿದರು. ಭಾಗ್ಯಮ್ಮ ಬಂದು, "ಅಣ್ಣಾ, ಯಾರ್ ಮದ್ವೆನೂ ಆಗಿಲ್ಲ. ಇದು ಇವ್ರ್ ಪತ್ರಿಕೆ ಗಲಾಟೆ" ಎಂದು ಮೂರು ಸಲ ಹೇಳಿದ ಮೇಲೆ ಅವರಿಗೆ ಉಸಿರು ತಿರುಗಿತು. ಬಹಳ ಸಮಾಧಾನದಿಂದ ಸಂತೋಷನ ಭುಜ ತಟ್ಟಿ, "ಬರಿ ಮಗಾ, ಎಷ್ಟ್ ಬೇಕಾರೂ ಬರಿ. ವಸಿ ದೂರ ನಿಂತ್ಕಂಡು ಬರಿ" ಎಂದರು.

ಮಹದೇವಸ್ವಾಮಿಗೆ ಇಷ್ಟಾದ ಮೇಲಾದರೂ ತಿಳಿಯಬೇಕಿತ್ತು. ತಿಳಿಯಲಿಲ್ಲ. ನೆಂಟರ ಗದ್ದಲದಿಂದ ಪಾರಾದ ನೆಮ್ಮದಿಯಲ್ಲಿ ಅವರು ಮೈಕನ್ನು ಸಂತೋಷನ ಕೈಗಿತ್ತರು. ಸಂತೋಷ್ ಒಂಟಿತನದ ಬಗ್ಗೆ ಒಂದು ಕವನ ಓದಿದ. ಈಗೀಗ ಊಟದ ಹೊತ್ತಿಗೆ ಆರ್ಕೆಸ್ಟ್ರಾ ಇಡಿಸುವ ರೂಢಿಯಿರುವುದರಿಂದ ಜನ ಇದನ್ನೂ ಅಂಥದೇ ಹೊಸ ಏರ್ಪಾಡೆಂದು ಸಹಿಸಿಕೊಂಡರು. ಬೇಸರವಾದವರೂ ಏಳುವಂತಿರಲಿಲ್ಲ, ಎದ್ದರೆ ಹಿಂದೆ ನಿಂತವರು ಕೂತುಬಿಡುತ್ತಿದ್ದರು. ಲೋಕದ ಯಾವ ಮಹಾಕವಿಗೂ ಇಷ್ಟು ಅಚಲವಾದ ಸಭೆ ಸಿಕ್ಕಿರಲಾರದು.

ಆಮೇಲೆ ಜೀನತ್ ಓದಿದಳು.

ದನಿ ಮೊದಲು ನಡುಗಿತು, ಆಮೇಲೆ ಗಟ್ಟಿಯಾಯಿತು. ಶ್ರೀರಂಗಪಟ್ಟಣದ ಒಂದು ಓಣಿಯಲ್ಲಿ ಇಬ್ಬರು ಓರಗಿತ್ತಿಯರು. ಅಣ್ಣತಮ್ಮಂದಿರು ಪಾಲಾಗಿ, ಒಂದೇ ಅಡುಗೆಮನೆಯ ನಡುವೆ ಗೋಡೆ ಎದ್ದು, ಹಲವು ವರ್ಷಗಳಿಂದ ಇಬ್ಬರಿಗೂ ಮಾತಿಲ್ಲ. ಆದರೆ ಗೋಡೆಗೆ ಮೂಗಿಲ್ಲದಿದ್ದರೂ ಸೊಸೆಯರಿಗಿತ್ತು. ಆ ಕಡೆ ದೊಡ್ಡವಳು ಈರುಳ್ಳಿ ಹುರಿಯುವ ವಾಸನೆಯಿಂದಲೇ ಈ ಕಡೆ ಚಿಕ್ಕವಳಿಗೆ ಎಲ್ಲವೂ ತಿಳಿಯುತ್ತಿತ್ತು: ಇವತ್ತು ನೆಂಟರು ಬಂದಿದ್ದಾರೆ, ಇವತ್ತು ಗಂಡನ ಮೇಲೆ ಸಿಟ್ಟಾಗಿದ್ದಾಳೆ, ಇವತ್ತು ಜ್ವರ. ಈರುಳ್ಳಿ ಎಣ್ಣೆಯಲ್ಲಿ ಕೆಂಪಾಗುತ್ತ ಬರುವುದನ್ನು ಜೀನತ್ ಓದುತ್ತಿದ್ದಾಗ ಮೇಜುಗಳ ಉದ್ದಕ್ಕೂ ಗಂಟಲುಗಳು ಒಮ್ಮೆ ಮೇಲೆದ್ದು ಇಳಿದವು. ಹಿಂದಿನ ಸಾಲಿನಲ್ಲಿ ಯಾರೋ, "ಅಡ್ಗೆ ಮನೆಯಿಂದ ಗಮಲು ಬತ್ತಾ ಅದೆ" ಎಂದು ಆಣೆಯಿಟ್ಟು ಹೇಳಿದರು. ಅಡುಗೆ ಮನೆಯಲ್ಲಿ ಒಂದು ಪಾತ್ರೆ ಉಪ್ಪಿಟ್ಟಲ್ಲದೆ ಬೇರೇನೂ ಇರಲಿಲ್ಲ.

ಒಂದು ದಿನ ಆ ವಾಸನೆ ಕೆಂಪಿನಲ್ಲಿ ನಿಲ್ಲಲಿಲ್ಲ, ಕಪ್ಪಾಯಿತು. ಎಂದೂ ಈರುಳ್ಳಿ ಸೀಯಿಸದವಳ ಬಾಂಡ್ಲಿ ಸೀಯುತ್ತಿದೆ, ಒಲೆ ಆರಿಸುವವರಿಲ್ಲ. ಚಿಕ್ಕವಳು ಗೋಡೆಯ ಹತ್ತಿರ ಬಂದಳು. ಕಿವಿಯಿಟ್ಟಳು. ಸದ್ದಿಲ್ಲ. ಗೋಡೆ ಬಡಿಯಲು ಕೈಯೆತ್ತಿದಳು.

ಜೀನತ್ ತಲೆಯೆತ್ತಿ ಉಸಿರು ತೆಗೆದುಕೊಂಡಳು. ಆ ಬಿಡುವಿನಲ್ಲಿ ಚಿಕ್ಕಮಾದಯ್ಯ ಎದ್ದು ನಿಂತರು. ಅವರ ಕುರ್ಚಿ ತಕ್ಷಣ ಪೊಲೀಸಿನವರ ಪಾಲಾಯಿತು.

"ಮಾದೇವಸ್ವಾಮಿ, ಈರುಳ್ಳಿ ಇಚಾರ ಸಾಕು ಕಣಪ್ಪ, ಒಟ್ಟೆ ಕಿವುಚ್ತಾ ಅದೆ. ಎಲೆ ಹಾಕ್ಸು."

"ಎಲೆಯಾ?" ಎಂದರು ಮಹದೇವಸ್ವಾಮಿ. "ಉಪ್ಪಿಟ್ಟು ಕಾಗದದ ತಟ್ಟೇಲಿ ಕೊಡನ ಅಂತಿದ್ದೆ. ಐವತ್ತು ಜನಕ್ಕೆ ಮಾಡ್ಸಿದ್ದೀನಿ."

ಪತ್ರಿಕೆಯ ಮೇಲೆ ಊರಿದ್ದ ಕೈಗಳು ಒಂದೊಂದಾಗಿ ಕೆಳಗಿಳಿದವು.

"ಬುಧವಾರ," ಎಂದರು ಚಿಕ್ಕಮಾದಯ್ಯ ಒಂದೊಂದೇ ಪದವನ್ನು ತೂಗಿ, "ಛತ್ರಕ್ಕೆ ಕರ್ದು, ಮನೇಗ್ ಬೀಗ ಹಾಕ್ಸಿ, ಉಪ್ಪಿಟ್ಟಾ?"

ಒಬ್ಬರು ಕೊನೆಗೂ ಕಾರ್ಡನ್ನು ಬಿಚ್ಚಿ ಓದಿದರು. ಓದಿದ್ದು ಒಂದು ಮೇಜಿನಿಂದ ಇನ್ನೊಂದಕ್ಕೆ ಹಬ್ಬಿತು. ಅದು ಹಬ್ಬುತ್ತ ಹೋದಂತೆ ಮಹದೇವಸ್ವಾಮಿಯವರ ಮುಖದಿಂದ ಬಣ್ಣ ಇಳಿಯುತ್ತ ಬಂತು. ಅವರು ನಿಧಾನವಾಗಿ ನಡೆದುಬಂದು ಜೀನತಳ ಕೈಯಿಂದ ಮೈಕು ತೆಗೆದುಕೊಂಡರು.

"ನೀವೆಲ್ಲ ಊಟಕ್ ಬಂದಿದ್ರಿ ಅಂತ ಗೊತ್ತಾಗ್ನಿಲ್ಲ. ಈ ಮಕ್ಳಿಗೆ ಸಭೆ ತುಂಬುಸ್ತೀನಿ ಅಂತ ಮಾತ್ ಕೊಟ್ಟಿದ್ದೆ. ತುಂಬ್ತು ಅಂದ್ಕಂಡೆ. ಇದು ಸಭೆಯಲ್ಲ, ನನ್ ದಡ್ಡತನ. ಕೊಟ್ಟ ಮಾತಿನಂಗೆ ಪತ್ರಿಕೆ ಇವತ್ತಿಗೆ ಮುಚ್ತು. ಉಪ್ಪಿಟ್ಟು ಎಷ್ಟ್ ಜನಕ್ ಆಯ್ತದೋ ಅಷ್ಟ್ ಜನ ತಿನ್ಕಂಡೋಗಿ, ಕೈ ಮುಗೀತೀನಿ."

ಸಂತೋಷ್ ನೆಲ ನೋಡಿದ. ಬಾಬಾಜಾನ್ ಮಗಳಿಗಾಗಿ ಬಾಗಿಲ ಬಳಿ ಹೋಗಿ ಜೇಬಿನಿಂದ ಆಟೊದ ಕೀಲಿ ತೆಗೆದ. ಕುರ್ಚಿಗಳು ಸರಿದವು. ಎಲ್ಲರೂ ಎದ್ದರು, ಕೆಂಪಮ್ಮ ಮಾತ್ರ ಏಳಲಿಲ್ಲ. ಚಿಕ್ಕಮಾದಯ್ಯ ಹೆಂಡತಿಯ ತೋಳು ಹಿಡಿದರು. ಆಕೆ ಕೈ ಕೊಸರಿಕೊಂಡರು.

"ಮುಚ್ಕಳಪ್ಪ, ಬೇಡ ಅಂದೋರ್ಯಾರು. ಗ್ವಾಡೆ ಬಡುದ್ಳಾ ಇಲ್ವಾ, ಅದ್ ಹೇಳ್ಬುಟ್ಟು ಮುಚ್ಚು. ಅಲ್ಲೊಬ್ಳು ಹೆಂಗ್ಸು ಬಿದ್ದೋಗವ್ಳೋ ಏನೋ, ಒಲೆ ಉರೀತಾ ಅದೆ. ನೀವು ಮಟನ್ ಅಂತೀರಿ, ಉಪ್ಪಿಟ್ಟು ಅಂತೀರಿ." ಆಕೆ ಜೀನತಳ ಕಡೆ ತಿರುಗಿದರು. "ಹೇಳವ್ವ. ದೊಡ್ಡೋಳು ಉಳುದ್ಳಾ?"

ಜೀನತ್ ಹಾಳೆಗಳನ್ನು ತಿರುವಿದಳು. "ಅಷ್ಟೇ ಅಜ್ಜಿ ಇರೋದು. ಮಿಕ್ಕಿದ್ದು ಮುಂದಿನ ಸಂಚಿಕೆಗೆ ಅಂತ... ಇನ್ನೂ ಬರ್ದಿಲ್ಲ."

"ಬರ್ದಿಲ್ವಾ?"

ಬಾಗಿಲು ದಾಟುತ್ತಿದ್ದವರು ನಿಂತರು. ಹೊರಗೆ ಹೋಗಿದ್ದ ಕೆಲವರು ಒಳಗೆ ಬಂದರು. ಮಟನ್ ಇಲ್ಲವೆಂದಾಗಲೂ ಏಳದಿದ್ದ ಕೋಪ ಆಗ ಎದ್ದಿತು. ಹೆಂಗಸರು ಮಹದೇವಸ್ವಾಮಿಯನ್ನು ಸುತ್ತುವರಿದರು. ಊಟವಿಲ್ಲವೆಂದರೆ ಮನೆಯಲ್ಲಿ ಮುದ್ದೆ ತಿನ್ನಬಹುದು, ಇದಕ್ಕೆ ಎಲ್ಲಿ ಹೋಗುವುದು ಎಂದು ಒಬ್ಬಾಕೆ ಕೇಳಿದರು. ಕಾನೂನಿನ ಪ್ರಕಾರ ಮೊದಲು ಬಾಗಿಲು ಒಡೆಯಬೇಕಿತ್ತೆಂದು ಪೊಲೀಸಿನವರು ಮತ್ತೆ ಕುರ್ಚಿ ಹಿಡಿದು ಕೂತು ಅಭಿಪ್ರಾಯಪಟ್ಟರು. ನಾನು ಗೋಡೆಗೆ ಒರಗಿ ನಿಂತು ನೋಡುತ್ತಿದ್ದೆ. ಅಷ್ಟೊಂದು ಹಸಿದ ಜನ ಒಬ್ಬ ಹುಡುಗಿ ಕಲ್ಪಿಸಿದ ಹೆಂಗಸಿನ ಜೀವಕ್ಕಾಗಿ ಕಾದಾಡುವುದನ್ನು ನಾನು ಎಲ್ಲಿಯೂ ಕಂಡಿರಲಿಲ್ಲ.

ಚಿಕ್ಕಮಾದಯ್ಯ ಮೇಜು ತಟ್ಟಿದರು. ಗದ್ದಲ ಅಡಗಿತು.

"ಪತ್ರಿಕೆ ಮುಚ್ಚಂಗಿಲ್ಲ ಕಣ್ಲಾ. ಊಟ ಇಲ್ದೆ ಇದ್ದುದ್ರಲ್ಲಿ ನಮ್ ತಪ್ಪೂ ಅದೆ, ಕಾರ್ಡ್ ಓದ್ನಿಲ್ಲ, ಬುಟ್ಟಾಕು. ಕತೆ ಶುರು ಮಾಡ್ಬುಟ್ಟು ಕೊನೆ ಇಲ್ಲ ಅಂದ್ರೆ ಅದು ಪೂರಾ ನಿಂದೇ. ಮುಂದಿನ್ ಸಲ ಕುರಿಮರಿ ನಾವ್ ತತ್ತೀವಿ, ಕೊನೆ ನೀವ್ ತನ್ನಿ."

"ಯಾವ ವಾರ ಇಟ್ಕಳನ?" ಎಂದು ಮಹದೇವಸ್ವಾಮಿ ಮೆಲ್ಲಗೆ ಕೇಳಿದರು.

"ಬುಧವಾರನೇ. ಇನ್ಯಾವಾಗ ಮತ್ತೆ?"

ಉಪ್ಪಿಟ್ಟು ತಲೆಗೊಂದು ತುತ್ತಿನಂತೆ ಬಂತು. ತಟ್ಟೆಗಳು ಸಾಲಲಿಲ್ಲ. ಜನ ಮೇಜಿನ ಮೇಲೆ ಹಾಸಿದ್ದ ಹಾಲುತೆನೆಯನ್ನು ಎತ್ತಿ, ಮಡಿಸಿ, ಕಂಕುಳಿಗೆ ಸೇರಿಸಿಕೊಂಡು, ಉಪ್ಪಿಟ್ಟಿಗೆ ಬರಿಯ ಅಂಗೈ ಒಡ್ಡಿದರು.

ಸಂಜೆ ನಾನು ಬಸ್ ನಿಲ್ದಾಣದವರೆಗೆ ನಡೆದುಹೋದೆ. ನಾಗಮಂಗಲದ ಬಸ್ಸಿನ ಕಿಟಕಿಯಲ್ಲಿ ರಂಗಸ್ವಾಮಿ, ದೊಡ್ಡವಳು ಬೇಕೆಂದೇ ಈರುಳ್ಳಿ ಸೀಯಿಸಿದ್ದಾಳೆ, ಓರಗಿತ್ತಿಯನ್ನು ಮಾತಾಡಿಸುವ ನಾಟಕ ಅದು ಎಂದು ಪಕ್ಕದವರೊಂದಿಗೆ ವಾದಿಸುತ್ತಿದ್ದರು. ಕೆ.ಆರ್. ಪೇಟೆಯ ಬಸ್ಸಿನೊಳಗೆ ಅವಳು ಆಗಲೇ ಸತ್ತಿದ್ದಳು. ಚಿನಕುರಳಿಯವರು ಟ್ರಾಕ್ಟರಿನ ಟ್ರೇಲರಿನಲ್ಲಿ ಎರಡು ಪಕ್ಷವಾಗಿ ಬೇರೆ ಬೇರೆ ಕೂತಿದ್ದರು. ಈ ಗಾಡಿಗಳ ನಡುವೆ ದಾರಿ ಸಿಗದೆ ಬಾಬಾಜಾನ್‌ನ ಲಗೇಜ್ ಆಟೊ ನಿಂತಿತ್ತು.

"ಚಿಕ್ಕೋಳು ಗೋಡೆ ಒಡೀಬೇಕು ಬೇಟಿ," ಎಂದು ಅವನೂ ಹಾರನ್ ಒತ್ತುತ್ತಲೇ ಹೇಳುತ್ತಿದ್ದ. "ಹಾರೆ ತಗೊಂಡು ಒಂದೇ ಏಟು."

ಪಕ್ಕದಲ್ಲಿ ಕೂತಿದ್ದ ಜೀನತ್ ಎರಡೂ ಕಿವಿಗಳನ್ನು ಅಂಗೈಯಿಂದ ಒತ್ತಿ ಮುಚ್ಚಿಕೊಂಡಿದ್ದಳು. ಕಣ್ಣುಗಳು ಮಾತ್ರ ಆ ಬಸ್ಸುಗಳನ್ನೂ ಟ್ರೇಲರನ್ನೂ ಒಂದೊಂದಾಗಿ ನೋಡುತ್ತಿದ್ದವು.

"ಸುಮ್ನಿರಿ ಅಬ್ಬಾ," ಎಂದಳು. "ಯಾರೂ ಏನೂ ಹೇಳ್ಬೇಡಿ. ಅವಳಿನ್ನೂ ಕೈ ಎತ್ಕೊಂಡೇ ನಿಂತವ್ಳೆ."